ವಾರೆನ್ನಿಗೆ ಟ್ರೇನಿಲ್ಲ, ಆದ್ರೂ ಟ್ರೇನಿನಲ್ಲೇ ಹೋದೆ

ಅಮೇರಿಕದಲ್ಲಿರೋ ನಮ್ಮ ಜನರ ಮುಂದೆ 'ಆಫೀಸಿನ ಕೆಲಸಕ್ಕೆ ಶಿಕಾಗೋದಿಂದ ಡೆಟ್ರಾಯಿಟ್ ಕಡೆಗೆ ಟ್ರೇನಿನಲ್ಲಿ ಹೋಗಿದ್ದೆ' ಅಂತ ಒಮ್ಮೆ ಹೇಳಿ ನೋಡಿ. 'ಯಾಕೆ, ಕಾರು ಕೆಟ್ಟಿತ್ತಾ?' ಅಂತ ಒಬ್ಬರು ಕೇಳ್ತಾರೆ, 'ಲೈಸೆನ್ಸ್ ಏನಾದ್ರೂ ಕಿತ್ಕೊಂಡ್ರಾ?' ಅಂತ ಇನ್ನೊಬ್ಬರು. ಹುಬ್ಬಳ್ಳಿ, ಅರಸೀಕೆರೆ, ಬೀರೂರು ಸ್ಟೇಷನ್ನುಗಳಲ್ಲಿ ಟ್ರಂಕಿನ ಮೇಲೆ ಕೂತು ಬೆಳೆದವರೇ ಇವರು. ಊರಲ್ಲಿದ್ದಾಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ವೇಟಿಂಗ್ ಲಿಸ್ಟಿನಲ್ಲಿದ್ದರೂ ಹತ್ತಿ, ಟಿ.ಸಿ. ಹಿಂದೆ ಬೋಗಿಯಿಂದ ಬೋಗಿಗೆ ಅಲೆದವರು. ಇಲ್ಲಿಗೆ ಬಂದು ಹತ್ತು ವರ್ಷ ಆಗೋ ಹೊತ್ತಿಗೆ ಟ್ರೇನು ಅಂದ್ರೆ ಮಕ್ಕಳಿಗೆ ಡಿಸೆಂಬರಿನಲ್ಲಿ ತೋರಿಸೋ ಆಟದ ಸಾಮಾನು ಅನ್ನೋ ಮಟ್ಟಕ್ಕೆ ಬಂದಿರ್ತಾರೆ.

ನನ್ನ ಅಭಿಪ್ರಾಯವನ್ನ ಮೊದಲೇ ಹೇಳಿಬಿಡ್ತೀನಿ. ಈ ದೇಶದ ಟ್ರೇನನ್ನ ನೋಡಿ ನಗೋದು ಸುಲಭ, ನಗೋದಕ್ಕೆ ಅದು ಬೇಕಾದಷ್ಟು ಕಾರಣಗಳನ್ನೂ ಕೊಡುತ್ತೆ. ಆದರೆ ಆ ನಗುವಿನ ಬೆಲೆ ಕಟ್ಟೋರು ನಾವಲ್ಲ, ನಮ್ಮ ಮನೆಗಳಿಗೆ ಆರು ತಿಂಗಳ ವೀಸಾದಲ್ಲಿ ಬಂದು ಸೋಫಾದ ಮೇಲೆ ಕೂತಿರೋ ಅಪ್ಪ-ಅಮ್ಮಂದಿರು. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ನನ್ನ ವಾರೆನ್ ಪ್ರವಾಸದ ಕಥೆ, ಯಾಕಂದ್ರೆ ನೀವು ನಗೋದಾದ್ರೆ ಪೂರ್ತಿ ವಿಷಯ ಗೊತ್ತಿದ್ದೇ ನಗಲಿ ಅಂತ.

ವಾರೆನ್ ಅಂದ್ರೆ ಡೆಟ್ರಾಯಿಟ್ ಪಕ್ಕದ ಊರು. ಪಕ್ಕದ್ದು ಅಂದ ಮಾತ್ರಕ್ಕೆ ಸಣ್ಣದಲ್ಲ, ಮಿಶಿಗನ್ ರಾಜ್ಯದಲ್ಲೇ ಮೂರನೇ ದೊಡ್ಡ ಊರು, 2020ರ ಜನಗಣತಿಯ ಪ್ರಕಾರ ಸುಮಾರು 1,39,000 ಜನ. ದಕ್ಷಿಣಕ್ಕೆ 8 ಮೈಲ್ ರೋಡು, ಉತ್ತರಕ್ಕೆ 14 ಮೈಲ್ ರೋಡು, ನಡುವೆ ಚೌಕಾಬಾರದ ಮನೆ ಎಳೆದ ಹಾಗೆ ನೇರ ರಸ್ತೆಗಳು. ಹೊಟ್ಟೆಯೊಳಗೆ ಸೆಂಟರ್ ಲೈನ್ ಅನ್ನೋ ಇನ್ನೊಂದು ಪುಟ್ಟ ಊರನ್ನ ಪೂರ್ತಿ ನುಂಗಿಕೊಂಡು ಕೂತಿದೆ. ಜನರಲ್ ಮೋಟರ್ಸ್‌ನವರ ಟೆಕ್ನಿಕಲ್ ಸೆಂಟರ್ ಇರೋದು ಇಲ್ಲೇ, 2024ರವರೆಗೆ ಪಿಕಪ್ ಟ್ರಕ್ಕುಗಳನ್ನ ಜೋಡಿಸುತ್ತಿದ್ದ ದೊಡ್ಡ ಕಾರ್ಖಾನೆಯೂ ಇಲ್ಲಿದೆ. ಹಾಗಾಗಿ ಎಂಜಿನಿಯರಿಂಗ್ ಓದಿದ ನಮ್ಮವರು ಈ ಊರಿಗೂ ಸುತ್ತಲಿನ ಸ್ಟರ್ಲಿಂಗ್ ಹೈಟ್ಸ್, ಟ್ರಾಯ್‌ಗಳಿಗೂ ಬಂದು ಸೇರಿಕೊಂಡಿದ್ದಾರೆ. ಆದರೆ ಇಷ್ಟು ದೊಡ್ಡ ಊರಿಗೆ ಪ್ಯಾಸೆಂಜರ್ ಟ್ರೇನಿನ ಸ್ಟೇಷನ್ ಇಲ್ಲ! ರಾಯಲ್ ಓಕ್‌ನಲ್ಲೋ ಟ್ರಾಯ್‌ನಲ್ಲೋ ಇಳಿದು ಟ್ಯಾಕ್ಸಿ ಹಿಡೀಬೇಕು.

ನಾನಿರೋದು ಶಿಕಾಗೋದ ಪಶ್ಚಿಮಕ್ಕೆ, ನೇಪರ್‌ವಿಲ್‌ನಲ್ಲಿ. ಕಳೆದ ವರ್ಷ ಮಾರ್ಚ್‌ನಲ್ಲಿ ವಾರೆನ್‌ನ ಒಬ್ಬ ಗ್ರಾಹಕರ ಹತ್ರ ಎರಡು ದಿನದ ಕೆಲಸ ಬಿತ್ತು. ಕಾರಿನಲ್ಲಿ ಹೋದ್ರೆ ಐ-94 ಹೈವೇನಲ್ಲಿ ಸುಮಾರು 280 ಮೈಲಿ, ನಾಲ್ಕೂವರೆ ಗಂಟೆ ಸ್ಟಿಯರಿಂಗ್ ಹಿಡಿದುಕೊಂಡು ಲಾರಿಗಳ ಹಿಂಭಾಗ ನೋಡ್ತಾ ಇರಬೇಕು. ವಿಮಾನದಲ್ಲಿ ಹೋದ್ರೆ ಹಾರೋದು ಒಂದು ಗಂಟೆ, ಬೆಲ್ಟು ಬಿಚ್ಚಿ ಕಟ್ಟೋದು ಮೂರು ಗಂಟೆ. ಟ್ರೇನಿನಲ್ಲಾದ್ರೆ ಐದೂವರೆ ಗಂಟೆ ಚಿಲ್ಲರೆ, ಲ್ಯಾಪ್‌ಟಾಪ್ ಬಿಚ್ಚಿಟ್ಟು ಕೆಲಸ ಮಾಡಬಹುದು, ಕಣ್ಣು ದಣಿದ್ರೆ ಕಿಟಕಿ ಇದೆ. 'ವುಲ್ವರಿನ್' ಅಂತ ಈ ಟ್ರೇನಿನ ಹೆಸರು, ಶಿಕಾಗೋದಿಂದ ಪಾಂಟಿಯಾಕ್‌ವರೆಗೆ 304 ಮೈಲಿ ಓಡುತ್ತೆ. ಲೆಕ್ಕಾಚಾರ ಸರಿಯಾಗೇ ಇತ್ತು, ಈಗಲೂ ಸರಿ ಅಂತಲೇ ನನ್ನ ವಾದ.

ಬೆಳಿಗ್ಗೆ ಯೂನಿಯನ್ ಸ್ಟೇಷನ್ನಿನಿಂದ ಟ್ರೇನು ಒಂದು ನಿಮಿಷವೂ ತಡ ಮಾಡದೆ ಹೊರಡ್ತು. ಇಂಡಿಯಾನಾದ ಕಬ್ಬಿಣದ ಕಾರ್ಖಾನೆಗಳು, ಮಿಶಿಗನ್ ಸರೋವರದ ಅಂಚಿನ ಮರಳುದಿಬ್ಬಗಳು ಎಲ್ಲ ದಾಟಿ ಮಿಶಿಗನ್ ರಾಜ್ಯದ ಒಳಗೆ ಬಂದ್ವಿ. ಅಲ್ಲಿಂದ ಮುಂದೆ ಟ್ರೇನು ಗಂಟೆಗೆ 110 ಮೈಲಿಯಲ್ಲಿ ಓಡುತ್ತೆ ಅಂದ್ರೆ ನಮ್ಮವರು ನಂಬೋದಿಲ್ಲ, ಆದ್ರೆ 2012ರಿಂದ ಹಾಗೇ ಓಡ್ತಾ ಇದೆ. ಆ ವೇಗದ ಖುಷಿಯಲ್ಲಿದ್ದಾಗಲೇ ಡೋವಾಜಿಯಾಕ್ ಅನ್ನೋ ಊರು ಹತ್ತಿರ ಬಂತು, ಟ್ರೇನು ಉಸ್ ಅಂತ ನಿಂತುಬಿಡ್ತು. ಹಿಂದಿನ ರಾತ್ರಿಯ ಗಾಳಿಗೆ ಮುಂದೆಲ್ಲೋ ಹಳಿಯ ಮೇಲೆ ದೊಡ್ಡ ಮರ ಬಿದ್ದಿದೆಯಂತೆ, ಕತ್ತರಿಸೋಕೆ ಜನ ಬರಬೇಕಂತೆ. ಗಾಳಿಗೆ ಯಾರೇನು ಮಾಡೋಕಾಗುತ್ತೆ ಹೇಳಿ.

ನಿಂತಿದ್ದಕ್ಕೆ ನನಗೇನೂ ಬೇಜಾರಿರಲಿಲ್ಲ, ಹನ್ನೊಂದು ಗಂಟೆಗೆ ಒಂದು ಫೋನ್ ಮೀಟಿಂಗ್ ಇತ್ತು, ನಿಂತ ಟ್ರೇನಿನಲ್ಲಿ ಸಿಗ್ನಲ್ ಚೆನ್ನಾಗೇ ಸಿಗುತ್ತೆ. ಎಡವಟ್ಟಾಗಿದ್ದು ಹನ್ನೊಂದರಲ್ಲಿ. ಶಿಕಾಗೋದಲ್ಲಿ ಕೂತಿದ್ದ ನಮ್ಮ ಮ್ಯಾನೇಜರ್ ಸಾಹೇಬರು ಈಮೇಲಿನಲ್ಲಿ '11 ಗಂಟೆಗೆ' ಅಂತಷ್ಟೇ ಬರೆದಿದ್ರು, ಯಾರ ಹನ್ನೊಂದು ಅಂತ ಬರೆದಿರಲಿಲ್ಲ. ಶಿಕಾಗೋ ಗಡಿಯಾರಕ್ಕೂ ಡೆಟ್ರಾಯಿಟ್ ಗಡಿಯಾರಕ್ಕೂ ಒಂದು ಗಂಟೆ ವ್ಯತ್ಯಾಸ. ವಾರೆನ್‌ನವರು ತಮ್ಮ ಹನ್ನೊಂದಕ್ಕೆ ಸರಿಯಾಗಿ ನಾಲ್ಕು ಜನ ಬಂದು ಲೈನಿನಲ್ಲಿ ಕೂತ್ರು, ನಮ್ಮ ಸಾಹೇಬರ ಸುಳಿವಿಲ್ಲ. ನಾನು ಡೋವಾಜಿಯಾಕ್‌ನ ಹೊಲದ ಮಧ್ಯೆ ಕೂತು ಹವಾಮಾನ, ಬಿದ್ದ ಮರ, ಈ ವರ್ಷದ ಚಳಿ ಅಂತೆಲ್ಲ ಮಾತಾಡಿ ಮಾತಾಡಿ, ಕೊನೆಗೆ ಬೇರೆ ದಾರಿಯಿಲ್ಲದೆ ಪೂರ್ತಿ ಪ್ರೆಸೆಂಟೇಶನ್ ನಾನೇ ಮುಗಿಸಿದೆ. ಪಕ್ಕದ ಸೀಟಿನ ಅಜ್ಜಿಯೊಬ್ಬರು ಹೆಣಿಗೆ ನಿಲ್ಲಿಸಿ ಕೇಳ್ತಾ ಇದ್ರು. ಅವರೆಲ್ಲ ಥ್ಯಾಂಕ್ಸ್ ಹೇಳಿ ಊಟಕ್ಕೆ ಹೋದ ಐದು ನಿಮಿಷಕ್ಕೆ ಸಾಹೇಬರು ಫ್ರೆಶ್ ಆಗಿ ಬಂದು 'ಗುಡ್ ಮಾರ್ನಿಂಗ್, ಶುರು ಮಾಡೋಣ್ವಾ? ಎಲ್ಲಿ ಯಾರೂ ಇಲ್ವಲ್ಲ!' ಅಂದ್ರು. ಅವರಿಗೆ ಮತ್ತೊಮ್ಮೆ ಎಲ್ಲ ಹೇಳಿದೆ. ಎರಡನೇ ಸಲ ಒಂದು ಸ್ಲೈಡು ಮರೆತಾಗ ಅಜ್ಜಿ ನೆನಪಿಸಿದ್ರು.

(ಗಡಿಯಾರದ ಈ ಗೋಳು ಡೆಟ್ರಾಯಿಟ್‌ಗೆ ಹೊಸದಲ್ಲ. ಈ ದೇಶಕ್ಕೆ ವಲಯವಾರು ಸಮಯ ಅಂತ ತಂದಿದ್ದೇ ರೈಲ್ವೆಯವರು, 1883ರ ನವೆಂಬರ್ 18ಕ್ಕೆ. ಡೆಟ್ರಾಯಿಟ್‌ನವರು ಮಾತ್ರ ತಮ್ಮ ಸೂರ್ಯನ ಲೆಕ್ಕವನ್ನೇ ಹಿಡಿದುಕೊಂಡಿದ್ದರು. 1900ರಲ್ಲಿ ನಗರಸಭೆ ಗಡಿಯಾರವನ್ನ 28 ನಿಮಿಷ ಹಿಂದಕ್ಕೆ ತಿರುಗಿಸಿ ಅಂತ ಠರಾವು ಮಾಡಿದಾಗ ಅರ್ಧ ಊರು ತಿರುಗಿಸ್ತು, ಇನ್ನರ್ಧ 'ಆಗಲ್ಲ ಹೋಗ್ರೀ' ಅಂತು. 1905ರಲ್ಲಿ ಶಿಕಾಗೋದ ಸಮಯ ಒಪ್ಪಿಕೊಂಡ್ರು, 1915ರಲ್ಲಿ ಅದನ್ನೂ ಬಿಟ್ಟು ಪೂರ್ವದ ಸಮಯಕ್ಕೆ ಹೋದ್ರು. ನಮ್ಮ ಸಾಹೇಬರು ನೂರಾಹತ್ತು ವರ್ಷ ತಡವಾಗಿದ್ದಾರೆ ಅಷ್ಟೇ.)

ಎರಡೂಕಾಲು ಗಂಟೆ ಆದ ಮೇಲೆ ಮರ ಸರೀತು, ಟ್ರೇನು ಹೊರಡ್ತು. ನನ್ನನ್ನ ಕರ್ಕೊಂಡು ಹೋಗೋಕೆ ಅಂತ ಒಬ್ಬ ಗೆಳೆಯ ಬರೋದಿತ್ತು, ಹುಬ್ಬಳ್ಳಿಯವನು, ಒಂದೇ ಹಾಸ್ಟೆಲಿನಲ್ಲಿದ್ದವರು ನಾವು. ಹದಿನಾಲ್ಕು ವರ್ಷದಿಂದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿದ್ದಾನೆ. ರಾಯಲ್ ಓಕ್‌ನಲ್ಲಿ ಇಳಿದೆ, ಅವನಿಲ್ಲ. ಫೋನ್ ಮಾಡಿದ್ರೆ 'ನಾ ಸ್ಟೇಷನ್ನಿನ್ಯಾಗ ನಿಂತೀನಿ, ನೀ ಎಲ್ಲದೀ? ಇಲ್ಲೊಂದು ನರಪಿಳ್ಳೆ ಇಲ್ಲ!' ಅಂದ. 'ಯಾವ ಸ್ಟೇಷನ್ನೋ ಮಾರಾಯಾ?' 'ನನಗೇನ್ ಗೊತ್ತಲೇ, ಫೋನು ಇಲ್ಲಿಗೆ ಕರ್ಕೊಂಡು ಬಂತು. ಒಂದು ದೊಡ್ಡ ಶಾಪಿಂಗ್ ಸೆಂಟರಿನ ಹಿಂದ ಐತಿ, ಹಳಿ ಮ್ಯಾಲ ಒಂದು ಸೇತುವೆ ಐತಿ. ಆ ಕಡೆ ಇಳಿಯಾಕ ದಾರಿನ ಇಲ್ಲ.'

ಅವನು ನಿಂತಿದ್ದಿದ್ದು ಟ್ರಾಯ್ ಸ್ಟೇಷನ್ನು. ಅದರದ್ದೇ ಒಂದು ಕಥೆ ಇದೆ. ಕಟ್ಟಡ ಎದ್ದು ನಿಂತ ಮೇಲೆ ಅದರ ಕೆಳಗಿನ ನೆಲ ಯಾರದ್ದು ಅಂತ ವ್ಯಾಜ್ಯ ಮುಗೀದೆ ಬೀಗ ಹಾಕಿಕೊಂಡಿತ್ತು, ಕಡೆಗೆ 2014ರ ಅಕ್ಟೋಬರ್‌ನಲ್ಲಿ ಬಾಗಿಲು ತೆಗೀತು. ನಮ್ಮ ಕಡೆ ಬಸ್‌ಸ್ಟ್ಯಾಂಡಿಗೆ ಜಾಗ ಬಿಟ್ಟುಕೊಟ್ಟ ಗೌಡರು ಉದ್ಘಾಟನೆ ದಿನ ಕೋರ್ಟಿಗೆ ಹೋಗ್ತಾರಲ್ಲ, ಹಾಗೇ. ಹದಿನಾಲ್ಕು ವರ್ಷದಲ್ಲಿ ನನ್ನ ಗೆಳೆಯ ನೋಡಿದ ಮೊದಲ ರೈಲ್ವೆ ಸ್ಟೇಷನ್ ಇದು. ಅದೂ ತಪ್ಪು ಸ್ಟೇಷನ್.

ಹೋಟೆಲಿಗೆ ಹೋದ್ವಿ. ಕೌಂಟರಿನ ಹುಡುಗಿ ಕಂಪ್ಯೂಟರ್ ಕುಟ್ಟಿ ಕುಟ್ಟಿ ನೋಡಿ 'ನಿಮ್ಮ ಹೆಸರಿನಲ್ಲಿ ಬುಕಿಂಗೇ ಇಲ್ಲ' ಅಂದಳು. ನಮ್ಮ ಆಫೀಸಿನ ಟ್ರಾವೆಲ್ ಏಜೆನ್ಸಿಯವರು ಕಳಿಸಿದ ಕಾಗದ ತೋರಿಸಿದೆ. ಆಕೆ ಅದನ್ನ ನಿಧಾನವಾಗಿ ಓದಿ, ನಗು ತಡ್ಕೊಂಡು, ಕಾಗದವನ್ನ ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ವಾರೆನ್‌ವಿಲ್, ಇಲಿನಾಯ್.

ಓದುಗರೇ, ಶಿಕಾಗೋ ಕಡೆ ಇಲ್ಲದವರಿಗೆ ಇದರ ಸೊಗಸು ಗೊತ್ತಾಗೋಕೆ ಒಂದು ಮಾತು ಹೇಳಬೇಕು. ವಾರೆನ್‌ವಿಲ್ ಅನ್ನೋದು ನೇಪರ್‌ವಿಲ್‌ಗೆ ತಾಗಿಕೊಂಡಿರೋ ಊರು. ನಮ್ಮ ಮನೆಯಿಂದ ಹತ್ತು ನಿಮಿಷ. ನಾನು ದಿನಾ ಹಾಲು ತರೋ ಅಂಗಡಿಗಿಂತ ಸ್ವಲ್ಪ ಮುಂದೆ. ಮುನ್ನೂರು ಮೈಲಿ ಬಂದು, ಮರ ಕಡಿಸಿ, ಎರಡು ಸಲ ಮೀಟಿಂಗ್ ಮಾಡಿ, ನಮ್ಮ ಮನೆ ಪಕ್ಕದಲ್ಲಿ ನನಗೊಂದು ರೂಮು ಕಾಯ್ತಾ ಇದೆ ಅಂತ ತಿಳ್ಕೊಂಡೆ! ಮನೆಗೆ ಫೋನ್ ಮಾಡಿ ಗೋಳು ಹೇಳಿಕೊಂಡ್ರೆ ನನ್ನಾಕೆ ಒಂದು ಕ್ಷಣ ಸುಮ್ಮನಿದ್ದು, 'ದುಡ್ಡು ವಾಪಸ್ ಬರುತ್ತಾ?' ಅಂದಳು. 'ಬರಲ್ಲ.' 'ಈಜುಕೊಳ ಇದೆಯಾ?' 'ಇದೆ ಅಂತ ಕಾಗದದಲ್ಲಿದೆ.' ಅರ್ಧ ಗಂಟೆಗೆ ಅವಳೂ ಮಕ್ಕಳೂ ಟವೆಲ್ ಹಿಡಿದು ಆ ಹೋಟೆಲಿನಲ್ಲಿದ್ರು. ಬೆಳಗಿನ ತಿಂಡಿಗೆ ವಾಫಲ್ ಬಿಸಿಬಿಸಿಯಾಗಿ ಸಿಗುತ್ತೆ ಅಂತ ಮರುದಿನ ಫೋಟೋನೂ ಬಂತು. ಮನೆಯವರು ಬರ್ತಾರೆ ಅಂತ ಹೋಟೆಲಿನವರಿಗೆ ನಾನೇ ಹೇಳಿ ಒಪ್ಪಿಗೆ ತಗೊಂಡಿದ್ದೆ, ಆದ್ರೂ ಆಮೇಲೆ ಲೆಕ್ಕದ ಇಲಾಖೆಯವರು 'ಒಂದೇ ರಾತ್ರಿ ಎರಡು ರಾಜ್ಯದಲ್ಲಿ ಹೇಗೆ ತಿಂದಿರಿ?' ಅಂತ ಕೇಳಿದ್ದಕ್ಕೆ ಉತ್ತರ ಬರೀಲಿಕ್ಕೆ ಒಂದು ಪುಟ ಬೇಕಾಯ್ತು.

ಇಷ್ಟು ಕಥೆಯನ್ನ ನಮ್ಮ ಕನ್ನಡ ಕೂಟದವರ ಮುಂದೆ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, 'ಅದಕ್ಕೇ ಹೇಳೋದು ಟ್ರೇನ್ ಬೇಡ ಅಂತ' ಅಂದ್ರು. ಸ್ವಲ್ಪ ನಿಂತು ಲೆಕ್ಕ ಹಾಕಿ ನೋಡಿ. ಮೀಟಿಂಗ್ ಸಮಯ ತಪ್ಪಿದ್ದು ಟ್ರೇನಿನಿಂದಲ್ಲ, ಹೋಟೆಲ್ ತಪ್ಪಿದ್ದು ಟ್ರೇನಿನಿಂದಲ್ಲ, ಗೆಳೆಯ ಬೇರೆ ಸ್ಟೇಷನ್ನಿಗೆ ಹೋಗಿದ್ದೂ ಟ್ರೇನಿನಿಂದಲ್ಲ. ಮರ ಬಿದ್ದಿದ್ದು ಗಾಳಿಗೆ, ಐ-94ರ ಮೇಲೂ ಮರ ಬೀಳುತ್ತೆ. ಆದ್ರೂ ಕಥೆಯ ಕೊನೆಗೆ ಬೈಸಿಕೊಂಡಿದ್ದು ಟ್ರೇನು. ಅದೇ ಐ-94ರಲ್ಲಿ ಹಿಮ ಬಿದ್ದು ಆರು ಗಂಟೆ ಸಿಕ್ಕಿಹಾಕ್ಕೊಂಡವರು ಬಂದು 'ಅದಕ್ಕೇ ಹೇಳೋದು ಕಾರು ಬೇಡ ಅಂತ' ಅಂದಿದ್ದನ್ನ ನಾನಂತೂ ಕೇಳಿಲ್ಲ.

ಅವತ್ತು ರಾತ್ರಿ ಉಳಿದಿದ್ದು ಗೆಳೆಯನ ಮನೆಯಲ್ಲಿ. ಅವನ ತಾಯಿ ಊರಿಂದ ಬಂದಿದ್ರು, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿ ಕಾಯ್ತಾ ಇದ್ರು. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲ್ ಟೀಚರ್ ಆಗಿದ್ದವರು. ಮೀಟರ್ ಗೇಜ್ ಕಾಲದಿಂದಲೂ ಹುಬ್ಬಳ್ಳಿಯಿಂದ ಮೀರಜ್‌ಗೆ, ಪುಣೆಗೆ ಒಬ್ಬರೇ ಓಡಾಡಿದವರು. ಊಟ ಬಡಿಸ್ತಾ ಕೇಳಿದ್ರು, 'ತಮ್ಮಾ, ಹೆಂಗ ಬಂದಿ?' 'ಟ್ರೇನಿನಲ್ಲಿ ಬಂದೆ ಅಮ್ಮಾ.' ಸೌಟು ಕೈಯಲ್ಲೇ ನಿಲ್ತು. 'ಇಲ್ಲಿ ಟ್ರೇನ್ ಐತೇನು? ಮತ್ತ ಇವ ನನಗ ಹೇಳೇ ಇಲ್ಲಲ್ಲ! ನನ್ನ ತಂಗಿ ಮಗಳು ಶಿಕಾಗೋದಾಗ ಅದಾಳ. ನಾಕು ತಿಂಗಳಾತು ಬಂದು, ಕರ್ಕೊಂಡು ಹೋಗಾಕ ಇವಗ ಟೈಮ್ ಆಗವಲ್ತು. ನಾ ಒಬ್ಬಾಕಿನ ಹೋಗಿ ಬರತಿದ್ನಿ.'

ಗೆಳೆಯ ಮುಖ ಸಣ್ಣ ಮಾಡ್ಕೊಂಡು 'ಅವ್ವಾ, ಸುಮ್ನಿರು, ಇದು ನಮ್ಮ ಹುಬ್ಬಳ್ಳಿ ಅಲ್ಲ' ಅಂದ. ಆಮೇಲೆ ನನ್ನ ಕಡೆ ತಿರುಗಿ ಫೋನಿನಲ್ಲಿ ಒಂದು ಹಳೇ ಸುದ್ದಿ ತೆಗೆದು ತೋರಿಸಿದ. 2022ರ ಅಕ್ಟೋಬರ್‌ದು. ಇದೇ ವುಲ್ವರಿನ್, ಪಾಂಟಿಯಾಕ್‌ನಿಂದ ಶಿಕಾಗೋಗೆ ಬೆಳಿಗ್ಗೆ ಹೊರಟಿದ್ದು. ಎಂಜಿನ್ ಕೆಟ್ಟು, ಕರೆಂಟ್ ಹೋಗಿ, ಹೀಟರ್ ಇಲ್ಲದೆ, ಟಾಯ್ಲೆಟ್ ಕೆಲಸ ಮಾಡದೆ, ಸುಮಾರು ಹತ್ತೊಂಬತ್ತು ಗಂಟೆ ಹಿಡೀತು. ಕೊನೆಗೆ ಶಿಕಾಗೋ ಇನ್ನೇನು ಬಂತು ಅನ್ನೋವಾಗ ಕೆಲವರು ತಾವೇ ಬಾಗಿಲು ತೆಗೆದು ಹಳಿಯ ಮೇಲೆ ಇಳಿದು ಹೋದ್ರು. 'ಇದರಾಗ ನಮ್ಮವ್ವನ್ನ ಕೂಡಿಸಲೇನು?' ಅಂದ.

ಈ ಪ್ರಶ್ನೆಗೆ ನಗೆಚಾಟಿಕೆಯ ಉತ್ತರ ಸಲ್ಲದು. ಹತ್ತೊಂಬತ್ತು ಗಂಟೆ ಅನ್ನೋದು ತಮಾಷೆ ಅಲ್ಲ, ವಯಸ್ಸಾದವರಿಗೆ ಅದು ಆಸ್ಪತ್ರೆಯ ವಿಷಯ. ಅವನ ಭಯ ಸುಳ್ಳಲ್ಲ. ಆದರೆ ಹಾಗೆ ಯಾಕಾಗುತ್ತೆ ಅಂತ ಕೇಳಿದ್ರೆ 'ಅಮೇರಿಕದ ಟ್ರೇನು ಅಂದ್ರೆ ಹಂಗೇ' ಅನ್ನೋದು ಉತ್ತರವಲ್ಲ. ಹಂಗಾಗೋಕೆ ಕಾರಣಗಳಿವೆ, ಆ ಕಾರಣಗಳೆಲ್ಲ ಮನುಷ್ಯರೇ ಬರೆದಿಟ್ಟಿದ್ದು.

ನಮ್ಮ ಊರಲ್ಲಿ ಹಳಿಯೂ ರೈಲ್ವೆಯದ್ದೇ, ಟ್ರೇನೂ ರೈಲ್ವೆಯದ್ದೇ. ಇಲ್ಲಿ ಹಾಗಲ್ಲ. ಆಮ್‌ಟ್ರಾಕ್ ಶುರುವಾಗಿದ್ದು 1971ರ ಮೇ 1ಕ್ಕೆ, ಪ್ಯಾಸೆಂಜರ್ ಟ್ರೇನು ಓಡಿಸಿ ನಷ್ಟವಾಗ್ತಿದೆ ಅಂತ ಖಾಸಗಿ ಕಂಪನಿಗಳು ಕೈತೊಳ್ಕೊಂಡಾಗ. ಟ್ರೇನು ಸರ್ಕಾರದ ಕೈಗೆ ಬಂತು, ಹಳಿ ಬಹುಪಾಲು ಗೂಡ್ಸ್ ಕಂಪನಿಗಳ ಹತ್ರವೇ ಉಳೀತು. ಪ್ಯಾಸೆಂಜರ್ ಟ್ರೇನಿಗೆ ಮೊದಲು ದಾರಿ ಬಿಡಬೇಕು ಅಂತ 1973ರಿಂದ ಕಾನೂನಿದೆ. ಅದನ್ನ ಮುರಿದರು ಅಂತ ಕೇಂದ್ರ ಸರ್ಕಾರ ಒಂದು ಗೂಡ್ಸ್ ಕಂಪನಿಯನ್ನ ಕೋರ್ಟಿಗೆ ಎಳೆದಿದ್ದು 1979ರಲ್ಲಿ ಒಮ್ಮೆ, ಮತ್ತೆ 2024ರಲ್ಲಿ ಒಮ್ಮೆ. ನಡುವೆ ನಲವತ್ತೈದು ವರ್ಷ. ಬೇರೆಯವರ ಗದ್ದೆ ಬದುವಿನ ಮೇಲೆ ಗಾಡಿ ಹೊಡೆಯೋನು ಎಷ್ಟು ಜೋರು ಮಾಡ್ತಾನೆ ಹೇಳಿ? ಇದರ ಜೊತೆಗೆ ಟ್ರೇನು ಓಡಿಸೋ ಸಿಬ್ಬಂದಿ ಹನ್ನೆರಡು ಗಂಟೆಗಿಂತ ಹೆಚ್ಚು ಕೆಲಸ ಮಾಡೋ ಹಾಗಿಲ್ಲ ಅನ್ನೋ ಕಾನೂನು. ಸುರಕ್ಷತೆಯ ದೃಷ್ಟಿಯಿಂದ ಅದು ಬೇಕೇ ಬೇಕು, ನಿದ್ದೆಗಣ್ಣಿನ ಡ್ರೈವರ್ ಯಾರಿಗೂ ಬೇಡ. ಆದ್ರೆ ಎಲ್ಲೋ ಐದು ಗಂಟೆ ತಡವಾದ ಟ್ರೇನು ಆ ಗಡಿಯ ಹತ್ತಿರ ಬಂದ್ರೆ ಬದಲಿ ಸಿಬ್ಬಂದಿ ಬರೋವರೆಗೂ ನಿಂತೇ ಇರಬೇಕು. ದಿನಕ್ಕೆ ಮೂರೇ ಟ್ರೇನಿರೋ ದಾರಿಯಲ್ಲಿ ಬದಲಿ ಎಂಜಿನ್ನಾಗಲೀ ಬದಲಿ ಜನರಾಗಲೀ ಮುಂದಿನ ಸ್ಟೇಷನ್ನಿನಲ್ಲಿ ಕಾಯ್ತಾ ಕೂತಿರೋದಿಲ್ಲ. ತಡವೇ ತಡವನ್ನ ಹಡೆಯುತ್ತೆ.

ಹಾಗಂತ ಏನೂ ಸುಧಾರಿಸೋದೇ ಇಲ್ಲವಾ ಅಂದ್ರೆ, ಸುಧಾರಿಸಿದೆ. ಕಲಮಜೂದಿಂದ ಡಿಯರ್‌ಬಾರ್ನ್‌ವರೆಗಿನ 135 ಮೈಲಿ ಹಳಿಯನ್ನ ಮಿಶಿಗನ್ ರಾಜ್ಯ ಸರ್ಕಾರ 2012ರಲ್ಲಿ 14 ಕೋಟಿ ಡಾಲರಿಗೆ ಕೊಂಡುಕೊಂಡು ರಿಪೇರಿ ಮಾಡಿಸ್ತು. ಅದರ ಪಶ್ಚಿಮಕ್ಕೆ ಇಂಡಿಯಾನಾದ ಪೋರ್ಟರ್‌ವರೆಗೆ ಆಮ್‌ಟ್ರಾಕ್‌ನದ್ದೇ ಸ್ವಂತ ಹಳಿ, ನಾನು ಹೇಳಿದ 110 ಮೈಲಿ ವೇಗ ಮೊದಲು ಬಂದಿದ್ದು ಅಲ್ಲಿ. ಹಳಿ ತಮ್ಮದಾದ ಕಡೆ ಟ್ರೇನು ಓಡುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಉಳಿದ ಕುತ್ತಿಗೆ ಪೋರ್ಟರ್‌ನಿಂದ ಶಿಕಾಗೋವರೆಗಿನ ನಲವತ್ತು ಮೈಲಿ, ದೇಶದ ಗೂಡ್ಸ್ ಗಾಡಿಗಳೆಲ್ಲ ಒಂದೇ ಬಾಗಿಲಲ್ಲಿ ನುಗ್ಗೋ ಜಾಗ. ಅಲ್ಲಿ ಪ್ಯಾಸೆಂಜರ್ ಟ್ರೇನಿಗೆ ಬೇರೆ ಹಳಿ ಹಾಕಬೇಕು ಅನ್ನೋ ಯೋಜನೆ ಕಾಗದದಲ್ಲೇ ಮುದುಕಾಗ್ತಾ ಇದೆ.

ಇನ್ನು ವಾರೆನ್ ಕಥೆ. ನನಗೆ ಬಹಳ ವಿಚಿತ್ರ ಅನ್ನಿಸೋದು 1956ನೇ ಇಸವಿ. ಆ ವರ್ಷ ಏಪ್ರಿಲ್ 8ಕ್ಕೆ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂನಲ್ಲಿ ಕೊನೆಯ ಟ್ರಾಮ್ ಓಡ್ತು, ಚೆನ್ನಾಗಿದ್ದ ಗಾಡಿಗಳನ್ನ ಮೆಕ್ಸಿಕೋ ಸಿಟಿಗೆ ಮಾರಿದ್ರು. ಮೇ 16ಕ್ಕೆ ವಾರೆನ್‌ನಲ್ಲಿ ಜನರಲ್ ಮೋಟರ್ಸ್‌ನ ಟೆಕ್ನಿಕಲ್ ಸೆಂಟರ್ ಉದ್ಘಾಟನೆ ಆಯ್ತು, ಈರೋ ಸಾರಿನೆನ್ ವಿನ್ಯಾಸ ಮಾಡಿದ್ದು. ಕೊಳ, ಸ್ಟೀಲಿನ ನೀರಿನ ಟ್ಯಾಂಕು, ಗಾಜಿನ ಕಟ್ಟಡಗಳು, ನಿಜಕ್ಕೂ ನೋಡೋಕೆ ಚೆಂದ, 2014ರಲ್ಲಿ ರಾಷ್ಟ್ರೀಯ ಸ್ಮಾರಕವೂ ಆಯ್ತು. ಜೂನ್ 29ಕ್ಕೆ ಐಸೆನ್‌ಹೋವರ್ ಹೈವೇ ಕಾಯಿದೆಗೆ ಸಹಿ ಹಾಕಿದ್ರು. ಮೂರು ತಿಂಗಳೊಳಗೆ ಮೂರು. ಇದು ಯಾರೋ ಕೂತು ಮಾಡಿದ ಪಿತೂರಿ ಅಂತ ನಾನು ಹೇಳ್ತಿಲ್ಲ, ಜನರಿಗೂ ಕಾರು ಬೇಕಿತ್ತು. ನಮ್ಮಂಥವರ ಅನ್ನ ಬಂದಿರೋದೂ ಆ ಕಾರಿನಿಂದಲೇ, ಅದನ್ನ ಮರೆತು ಬೈಯ್ಯೋದು ಉಂಡ ಮನೆಗೆ ಎರಡು ಬಗೆದ ಹಾಗೆ. ಆದರೆ ಕಾರು ಬಂತು ಅಂತ ಉಳಿದಿದ್ದೆಲ್ಲವನ್ನೂ ಕಿತ್ತು ಹಾಕಬೇಕಿತ್ತಾ ಅನ್ನೋದು ನನ್ನ ಪ್ರಶ್ನೆ.

ಕಿತ್ತಿದ್ದನ್ನ ವಾಪಸ್ ನೆಡೋದು ಎಷ್ಟು ಕಷ್ಟ ಅಂತ 2016ರಲ್ಲಿ ಗೊತ್ತಾಯ್ತು. ನಾಲ್ಕು ಕೌಂಟಿಗಳನ್ನ ಸೇರಿಸಿ ಬಸ್ಸು, ಟ್ರೇನು ಮಾಡೋಕೆ ಒಂದು ತೆರಿಗೆ ಹಾಕೋಣವಾ ಅಂತ ಮತಕ್ಕಿಟ್ಟರು, ಕೂದಲೆಳೆಯಲ್ಲಿ ಸೋತಿತು. ವಾರೆನ್ ಇರೋ ಮೆಕೋಂಬ್ ಕೌಂಟಿಯಲ್ಲಿ 'ಬೇಡ' ಅಂದವರೇ ಹೆಚ್ಚು. ಡೆಟ್ರಾಯಿಟ್‌ನ ಹಳೇ ಮಿಶಿಗನ್ ಸೆಂಟ್ರಲ್ ಸ್ಟೇಷನ್ ನೋಡಿದೀರಾ? 1913ರಲ್ಲಿ ಶುರುವಾದ ಅರಮನೆಯಂಥ ಕಟ್ಟಡ, 1988ರಲ್ಲಿ ಕೊನೆಯ ಟ್ರೇನು ಹೋದ ಮೇಲೆ ಮೂವತ್ತು ವರ್ಷ ಹಾಳು ಬಿದ್ದಿತ್ತು. ಫೋರ್ಡ್ ಕಂಪನಿಯವರು 2018ರಲ್ಲಿ ಕೊಂಡು, ಕೋಟಿಗಟ್ಟಲೆ ಸುರಿದು, 2024ರ ಜೂನ್‌ನಲ್ಲಿ ಮತ್ತೆ ತೆರೆದ್ರು. ಅದ್ಭುತವಾಗಿದೆ. ಆಫೀಸುಗಳಿವೆ, ಜನ ಸೆಲ್ಫೀ ತಗೋತಾರೆ. ಟ್ರೇನೊಂದು ಬರಲಿಲ್ಲ. ಪ್ರಯಾಣಿಕರು ಹತ್ತಿಳಿಯೋದು ಮೂರು ಮೈಲಿ ಆಚೆ 1994ರಲ್ಲಿ ಕಟ್ಟಿದ ಸಣ್ಣ ಸ್ಟೇಷನ್ನಿನಲ್ಲಿ.

ಗೆಳೆಯನಿಗೆ ಇದೆಲ್ಲ ಹೇಳಿದೆ. 'ನೀ ಹೇಳೂದು ಖರೇ, ಆದ್ರ ನಮ್ಮವ್ವಂದು ಏನ್ ಮಾಡ್ಲಿ?' ಅಂದ. ಸರಿಯಾದ ಪ್ರಶ್ನೆ. ಆಕೆಯ ದಿನ ಹೇಗಿರುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ. ಮಗ-ಸೊಸೆ ಎಂಟಕ್ಕೆ ಹೊರಟರೆ ಬರೋದು ಆರಕ್ಕೆ. ಮನೆ ಮುಂದೆ ಆರು ಲೇನಿನ ರಸ್ತೆ, ಅದರ ಆಚೆ ಇಂಡಿಯನ್ ಅಂಗಡಿ ಕಣ್ಣಿಗೆ ಕಾಣುತ್ತೆ, ಕೊತ್ತಂಬರಿ ತರೋಕೆ ಮಗನ ಕಾರೇ ಬೇಕು. ಟ್ರಾಯ್‌ನಲ್ಲಿ ಭಾರತೀಯ ದೇವಸ್ಥಾನ ಇದೆ, ಭಾನುವಾರ ಯಾರಿಗಾದ್ರೂ ಬಿಡುವಾದ್ರೆ ಉಂಟು. ಪಂಪ ಕನ್ನಡ ಕೂಟದ ಯುಗಾದಿಗೆ ಕರ್ಕೊಂಡು ಹೋಗ್ತಾರೆ, ವರ್ಷಕ್ಕೊಮ್ಮೆ. ಮೂವತ್ತು ವರ್ಷ ಒಂದು ಶಾಲೆಯನ್ನೇ ಬೆರಳ ತುದಿಯಲ್ಲಿ ನಡೆಸಿದ ಹೆಂಗಸು ಇಲ್ಲಿ 'ನನ್ನನ್ನ ಕರ್ಕೊಂಡು ಹೋಗ್ತೀಯಾ?' ಅಂತ ಕೇಳೋ ಮಗುವಾಗಿ ಕೂತಿರ್ತಾರೆ. ಎಚ್-4 ವೀಸಾದಲ್ಲಿ ಬಂದು ಇನ್ನೂ ಲೈಸೆನ್ಸ್ ಸಿಗದ ಹೊಸ ಮದುಮಗಳ ಕಥೆಯೂ ಇದೇ. 'ಬೋರ್ ಆಗುತ್ತೆ, ಊರಿಗೆ ಹೋಗ್ತೀನಿ' ಅಂತ ನಾಲ್ಕನೇ ತಿಂಗಳಿಗೇ ಟಿಕೆಟ್ ಹಿಂದಕ್ಕೆ ಹಾಕಿಸೋ ಅಪ್ಪಂದಿರನ್ನ ಎಷ್ಟು ಜನರನ್ನ ನೋಡಿಲ್ಲ ನಾವು. ಅವರಿಗೆ ಬೋರ್ ಆಗೋದು ದೇಶದಿಂದಲ್ಲ, ಚಪ್ಪಲಿ ಮೆಟ್ಟಿಕೊಂಡು ತಾವೇ ಎಲ್ಲಿಗೂ ಹೋಗೋಕೆ ಆಗದೇ ಇರೋದ್ರಿಂದ.

ಟ್ರೇನನ್ನ ನಾವು ಬರೀ ಹರಟೆಯ ಸರಕು ಮಾಡಿಕೊಂಡು ಬಿಟ್ಟಿದ್ದರ ನಷ್ಟ ಇಲ್ಲಿದೆ ನೋಡಿ. ನಮಗೆ ಕಾರಿದೆ, ನಮಗೆ ಟ್ರೇನು ಐಚ್ಛಿಕ ವಿಷಯ. 750 ಮೈಲಿಗಿಂತ ಕಮ್ಮಿ ಓಡೋ ಇಂಥ ಟ್ರೇನುಗಳ ಖರ್ಚನ್ನ 2013ರಿಂದ ಆಯಾ ರಾಜ್ಯ ಸರ್ಕಾರಗಳೇ ಆಮ್‌ಟ್ರಾಕ್‌ಗೆ ಕಟ್ಟಿಕೊಡಬೇಕು. ಅಂದ್ರೆ ವುಲ್ವರಿನ್ ದಿನಕ್ಕೆ ಮೂರರಿಂದ ನಾಲ್ಕಾಗಬೇಕಾ, ಮೂರರಿಂದ ಎರಡಾಗಬೇಕಾ ಅನ್ನೋದು ಬಹುಮಟ್ಟಿಗೆ ಮಿಶಿಗನ್ ರಾಜ್ಯದ ಬಜೆಟ್ಟಿನ ಪ್ರಶ್ನೆ. ಪೌರತ್ವ ತಗೊಂಡು, ಅಧ್ಯಕ್ಷರ ಚುನಾವಣೆ ಬಗ್ಗೆ ರಾತ್ರಿಯಿಡೀ ವಾಟ್ಸಾಪಿನಲ್ಲಿ ಕಚ್ಚಾಡೋ ನಮ್ಮ ಜನ ಬಸ್ಸಿನ ತೆರಿಗೆಯ ಮತದಾನದ ದಿನ ಎಲ್ಲಿರ್ತಾರೆ? ಅಪ್ಪ-ಅಮ್ಮ ಊರಿಂದ ಬಂದಾಗ ಮಾತ್ರ 'ಇಲ್ಲಿ ಒಂದು ಬಸ್ಸೂ ಇಲ್ಲ ನೋಡಿ' ಅಂತ ಅಮೇರಿಕವನ್ನ ಬೈದ್ರೆ ಬಸ್ಸು ಬರೋದಿಲ್ಲ.

ಮೂರನೇ ದಿನ ಬೆಳಿಗ್ಗೆ ನಾನು ವಾಪಸ್ ಹೊರಟಾಗ ಆಕೆಯೂ ಬ್ಯಾಗು ತಗೊಂಡು ಸಿದ್ಧರಾಗಿ ನಿಂತಿದ್ರು. ಮಗನನ್ನ ರಾತ್ರಿ ಹೇಗೆ ಒಪ್ಪಿಸಿದ್ರೋ, ಒಬ್ಬ ಟೀಚರ್ ಹತ್ರ ಎಷ್ಟು ವಾದ ಮಾಡೋಕಾಗುತ್ತೆ. ರಾಯಲ್ ಓಕ್ ಪ್ಲಾಟ್‌ಫಾರ್ಮಿನ ಆ ತುದಿ ಈ ತುದಿ ನೋಡಿ, 'ಇಷ್ಟ ಏನು? ನಮ್ಮ ಹುಬ್ಬಳ್ಳಿದು ಜಗತ್ತಿನಾಗ ಉದ್ದಂದು, ಗೊತ್ತೈತಿಲ್ಲ?' ಅಂದ್ರು. ಗೊತ್ತಿತ್ತು, 1,507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಗಿದ್ದು. ಟ್ರೇನಿನಲ್ಲಿ ಚಾ ಮಾರೋನು ಬರಲ್ಲ ಅಂತ ಗೊತ್ತಾದಾಗ ಮಾತ್ರ ಸ್ವಲ್ಪ ನಿರಾಶೆ ಆಯ್ತು. ಆಮೇಲೆ ಕಿಟಕಿ ಪಕ್ಕ ಕೂತು, ಡಬ್ಬಿ ಬಿಚ್ಚಿ ಎದುರು ಸೀಟಿನ ಕಾಲೇಜು ಹುಡುಗನಿಗೆ ಶೇಂಗಾ ಹೋಳಿಗೆ ಕೊಟ್ಟು, ಅವನ ಹೆಸರು, ಓದು, ಅವನ ತಾಯಿಯ ಕೆಲಸ ಎಲ್ಲ ಬ್ಯಾಟಲ್ ಕ್ರೀಕ್ ಬರೋದ್ರೊಳಗೆ ತಿಳ್ಕೊಂಡ್ರು. ಗೆಳೆಯ ಗಂಟೆಗೊಮ್ಮೆ ಫೋನ್ ಮಾಡಿ 'ನಿಂತದೇನು?' ಅಂತ ಕೇಳ್ತಿದ್ದ. ಅವನ ದುರದೃಷ್ಟ, ಟ್ರೇನು ಹನ್ನೊಂದು ನಿಮಿಷ ಅಷ್ಟೇ ತಡ.

ಯೂನಿಯನ್ ಸ್ಟೇಷನ್ನಿನಲ್ಲಿ ತಂಗಿ ಮಗಳು ಬಂದು ತಬ್ಬಿಕೊಂಡ ಮೇಲೂ ಅವರ ಕಣ್ಣು ಟಿಕೆಟ್ ಕೌಂಟರಿನ ಮೇಲಿತ್ತು. 'ತಮ್ಮಾ, ವಾಪಸ್ ಟಿಕೆಟ್ ನಾನ ತಗೋತೀನಿ, ನೀ ಬರೂದು ಬ್ಯಾಡ. ಹಿರಿಯರಿಗೆ ರಿಯಾಯ್ತಿ ಐತೇನು ಕೇಳು.' 65 ದಾಟಿದವರಿಗೆ ಶೇಕಡಾ 10 ಇದೆ ಅಂದೆ. 'ನಮ್ಮಲ್ಲಿ ಕೊರೋನಾದಾಗ ತಗದವರು ಮತ್ತ ಕೊಡಲೇ ಇಲ್ಲ ನೋಡು' ಅಂತ ಹೇಳಿ, ಪರ್ಸಿನಿಂದ ಪಾಸ್‌ಪೋರ್ಟ್ ತೆಗೆದು, ಸಾಲಿನಲ್ಲಿ ಹೋಗಿ ನಿಂತ್ರು.